ಗೋವಿಂದಮ್ಮನ ಅರಿಶಿನದ ಕೊಂಬು

ಹೊಸೂರಿನ ಪೇಟೆ ಬೀದಿಯಲ್ಲಿ ಒಂದು ಅರಿಶಿನದ ಕೊಂಬು ಹದಿನಾಲ್ಕು ವರ್ಷ ರಾಜ್ಯವಾಳಿತು. ಉದ್ದ ಎರಡು ಅಂಗುಲ, ದಪ್ಪ ಕಿರುಬೆರಳಿನಷ್ಟು. ಹಳದಿ ನೂಲಿನ ರಥವೇರಿ ಅಕ್ಕಸಾಲಿ ಸುಬ್ಬರಾಮಾಚಾರಿಯ ಹೆಂಡತಿ ಗೋವಿಂದಮ್ಮನ ಕೊರಳಲ್ಲಿ ಅದು ಬಿಜಯಂಗೈದಿತ್ತು. ಅದರ ಪ್ರತಾಪ ಒಂದೇ ಎರಡೇ! ಜವಳಗಿರಿ ಕಾಡಿನ ಒಂಟಿ ಸಲಗ ಅದನ್ನು ಕಂಡು ಸೊಂಡಿಲೆತ್ತಿ ಕೈಮುಗಿದು ಹಿಂದೆ ಸರಿಯಿತಂತೆ. ಉದ್ದನಪಲ್ಲಿಯ ಬಂಜೆಯೊಬ್ಬಳು ಅದರ ಚೂರು ತೇಯ್ದು ಕುಡಿದು ಅವಳಿ ಹೆತ್ತಳಂತೆ. ಡೆಂಕಣಿಕೋಟೆ ರಸ್ತೆಯಲ್ಲಿ ಸರಗಳ್ಳನೊಬ್ಬ ಗೋವಿಂದಮ್ಮನ ಕತ್ತಿಗೆ ಕೈಹಾಕಿ, ಕೊಂಬು ಸಿಕ್ಕಿದ್ದಕ್ಕೆ ನಾಚಿ, ತನ್ನ ಜೇಬಿನಿಂದಲೇ ಬಸ್ ಚಾರ್ಜು ಕೊಟ್ಟು ಮನೆಗೆ ಕಳಿಸಿದನಂತೆ. ಕೊಂಬು ಕೊಳೆಯುವ ಪದಾರ್ಥವಾದ್ದರಿಂದ ಆರು ತಿಂಗಳಿಗೊಮ್ಮೆ ಪಟ್ಟ ಬದಲಾಗುತ್ತಿತ್ತು. ಹಳೆಯ ದೊರೆಯನ್ನು ತುಳಸಿಯ ಬುಡಕ್ಕೆ ಹಾಕಿ ಹೊಸ ದೊರೆಯನ್ನು ನೂಲಿಗೆ ಕಟ್ಟುವ ದಿನ ಬೀದಿಯ ಮುತ್ತೈದೆಯರು ಕೈಲಿ ಕುಂಕುಮದ ಬಟ್ಟಲು ಹಿಡಿದು ಸಾಲುಗಟ್ಟುತ್ತಿದ್ದರು.

ಇಷ್ಟೆಲ್ಲ ಆಗುವಾಗ ಯಾರೂ ಒಂದು ಮಾತು ಕೇಳದೆ ಬಿಟ್ಟದ್ದು ಗೋವಿಂದಮ್ಮನನ್ನು. ಕೇಳಿದ್ದರೆ ಹೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಚಿನ್ನದ ಸರ.

ಅವಳಿಗೆ ಸರ ಇರಲಿಲ್ಲವೆಂದಲ್ಲ. ಮದುವೆಯಲ್ಲಿ ಮಾವನೇ ಕೂತು ಹೆಣೆದುಕೊಟ್ಟ ಎರಡೆಳೆಯ ಸರವಿತ್ತು, ಗೋಧಿ ಕಾಳಿನಂಥ ಕೊಂಡಿಗಳು, ತುದಿಗೆ ತಾಳಿ. ಎಪ್ಪತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಅದು ಚಿನ್ನ ಕರಗಿಸುವ ಮೂಸೆಗೆ ಬಿತ್ತು.

ಆದದ್ದಿಷ್ಟು. ಡೆಂಕಣಿಕೋಟೆ ಕಡೆಯ ಗೋಪಾಲಪ್ಪ ಎಂಬುವರು ಮಗಳ ಮದುವೆಗೆಂದು ತಮ್ಮ ಅಜ್ಜಿಯ ಗುಂಡಿನ ಸರ ತಂದು, ಇದನ್ನು ಕರಗಿಸಿ ಹೊಸ ಮಾದರಿಯ ಒಡವೆ ಮಾಡಿಕೊಡಿ ಎಂದರು. ಹಳೆಯ ಕಾಲದ ಗುಂಡುಗಳ ಹೊಟ್ಟೆಯಲ್ಲಿ ಅರಗು ತುಂಬಿರುತ್ತದೆ. ಮೇಲೆ ಚಿನ್ನದ ತಗಡು, ಒಳಗೆಲ್ಲ ಅರಗು. ಒಂದು ಗುಂಡನ್ನು ಉಗುರಿನಿಂದ ತಟ್ಟಿ ಕಿವಿಗೊಟ್ಟರೆ ಗೊತ್ತಾಗುತ್ತದೆ. ಕೆಲಸ ಕಲಿಯಲು ಬಂದ ಮೊದಲ ವಾರವೇ ಹೇಳಿಕೊಡುವ ಪಾಠ ಅದು. ಆದರೆ ಗೋಪಾಲಪ್ಪನವರು ಅಂದು ಆಚಾರಿಯ ಅಪ್ಪನ ಕೈಚಳಕವನ್ನು ಹೊಗಳಲು ಶುರುಮಾಡಿದ್ದರು. ಅಪ್ಪನ ಹೊಗಳಿಕೆ ಕೇಳಿ ಉಬ್ಬಿದ ಸುಬ್ಬರಾಮಾಚಾರಿ ತಟ್ಟುವುದನ್ನು ಮರೆತು, ಇಡೀ ಸರವನ್ನು ತಕ್ಕಡಿಗೆ ಹಾಕಿ, “ಇದೇ ತೂಕಕ್ಕೆ ತೂಕ ಕೊಡ್ತೀನಿ ಸ್ವಾಮಿ” ಎಂದು ಮಾತು ಕೊಟ್ಟುಬಿಟ್ಟ.

ಮೂಸೆ ಕಾದಾಗ ಅರಗು ಹೊಗೆಯಾಗಿ ಎದ್ದಿತು. ನಾತ ಬೀದಿ ದಾಟಿತು. ತಳದಲ್ಲಿ ಉಳಿದ ಚಿನ್ನ ನೋಡಿ ಆಚಾರಿಯ ಮುಖ ಇದ್ದಿಲಾಯಿತು. ಲಗ್ನಕ್ಕೆ ಮೂರೇ ದಿನ.

“ಅರಗಿತ್ತು ಅಂತ ಹೇಳ್ಬುಡಿ,” ಅಂದಳು ಗೋವಿಂದಮ್ಮ.

“ಯಾರ್ ನಂಬ್ತಾರೆ? ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅಂತ ಗಾದೆ ಮಾಡಿಕ್ಕವ್ರೆ. ಹೊಗೆ ಹಿಡ್ಕೊಂಡ್ ಬಂದು ತೂಗಿ ತೋರ್ಸ್ಲಾ?”

ಗೋವಿಂದಮ್ಮ ಕೊರಳಿಗೆ ಕೈಹಾಕಿ ಸರ ಬಿಚ್ಚಿ, ತಾಳಿಯ ಸಮೇತ ಗಂಡನ ಮುಂದಿಟ್ಟಳು. ಅಡಿಗೆಮನೆಯ ಡಬ್ಬಿಯಿಂದ ಒಂದು ಅರಿಶಿನದ ಕೊಂಬು ಆರಿಸಿ ನೂಲಿಗೆ ಕಟ್ಟಿಕೊಂಡಳು. ಇಲ್ಲದವರು ಮಾಡುವುದೇ ಹಾಗೆ; ಕೊಂಬೂ ತಾಳಿಯೇ.

“ಮೂರು ತಿಂಗ್ಳು. ಗೌರಿ ಹಬ್ಬದೊಳ್ಗೆ ನನ್ ಸರ ನನ್ ಕತ್ತಿಗೆ ಬರ್ಬೇಕು.”

“ಬಂದೇ ಬತ್ತದೆ, ಇರು,” ಅಂದ ಆಚಾರಿ.

ಬರುತ್ತಿತ್ತೋ ಏನೋ. ಆದರೆ ಮಾರನೆಯ ಬೆಳಿಗ್ಗೆ ಹಾಲಿಗೆ ಹೆಪ್ಪು ಕೇಳಿಕೊಂಡು ಪಕ್ಕದ ಮನೆಯ ಜಲಜಮ್ಮ ಬಂದಳು. ಜಲಜಮ್ಮನ ಗಂಡ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ. ಆತ ಆಫೀಸಿನಲ್ಲಿ ಕಾಗದ ರವಾನೆ ಮಾಡಲು ಒಂದು ವಾರ ತೆಗೆದುಕೊಳ್ಳುತ್ತಿದ್ದರೆ, ಜಲಜಮ್ಮ ಸುದ್ದಿ ರವಾನೆಗೆ ಮಧ್ಯಾಹ್ನದವರೆಗೂ ಕಾಯುತ್ತಿರಲಿಲ್ಲ. ಗೋವಿಂದಮ್ಮನ ಕೊರಳು ನೋಡಿದಳು, ಕೆನ್ನೆಗೆ ಕೈಯಿಟ್ಟಳು, ಹೆಪ್ಪು ಮರೆತು ಹೊರಟಳು. ಸಂಜೆಯ ಹೊತ್ತಿಗೆ ಊರಿನಲ್ಲಿ ಅರಗಿನ ಕಥೆ ಇರಲಿಲ್ಲ. ಕೊಟ್ಟ ಮಾತು ಉಳಿಸಲು ಹೆಂಡತಿಯ ತಾಳಿಯನ್ನೇ ಕರಗಿಸಿದ ಸತ್ಯವಂತನ ಕಥೆ ಇತ್ತು.

ಅಲ್ಲಿಂದ ಅಂಗಡಿಗೆ ಜನ ನುಗ್ಗಿದರು. ಅವರ ಲೆಕ್ಕಾಚಾರ ಸರಳ. ಅಕ್ಕಸಾಲಿ ಕದ್ದ ಚಿನ್ನ ಎಲ್ಲಿಗೆ ಹೋಗುತ್ತದೆ? ಹೆಂಡತಿಯ ಕೊರಳಿಗೆ. ಈ ಹೆಂಡತಿಯ ಕೊರಳಲ್ಲಿ ಏನಿದೆ? ಅರಿಶಿನದ ಕೊಂಬು. ಅಂದ ಮೇಲೆ ಇವನು ಕದಿಯುವವನಲ್ಲ. ಗಿರಾಕಿಗಳು ಬಂದವರೇ ಮೊದಲು ನಡುಮನೆಯ ಕಡೆ ಕತ್ತು ಚಾಚಿ ಗೋವಿಂದಮ್ಮನ ಕತ್ತು ನೋಡುತ್ತಿದ್ದರು, ಆಮೇಲೆ ಒಡವೆಯ ಗಂಟು ಬಿಚ್ಚುತ್ತಿದ್ದರು. ಬೇರೆ ಅಂಗಡಿಗಳವರು ಬಣ್ಣದ ಬೋರ್ಡು ಬರೆಸಿದರು. ಸುಬ್ಬರಾಮಾಚಾರಿಯ ಬೋರ್ಡು ಒಳಗೆ ಕೂತು ರಾಗಿ ಬೀಸುತ್ತಿತ್ತು.

ಹೊಸ ಗಿರಾಕಿ ಬಂದರೆ ಆಚಾರಿ ಕೂಗುತ್ತಿದ್ದ: “ಗೋವಿಂದೀ, ಕುಡ್ಯಾಕ್ ನೀರ್ ತಗೊಂಬಾ!” ಮೊದಮೊದಲು ಅವಳು ಓಡಿಬರುತ್ತಿದ್ದಳು. ಎರಡು ವರ್ಷದ ಮೇಲೆ ಗಮನಿಸಿದಳು: ಯಾರೂ ಚೊಂಬು ಖಾಲಿ ಮಾಡುತ್ತಿರಲಿಲ್ಲ. ಬಾಯಾರಿದ್ದು ಅವರ ಕಣ್ಣು.

ಮೂರು ತಿಂಗಳು ಹೀಗೆ ಏಳು ವರ್ಷವಾಯಿತು.

ಹಾಗೆಂದು ಆಚಾರಿ ಮಾತು ತಪ್ಪುವವನಲ್ಲ. ಚಿನ್ನದ ಮೇಲೆ ಸರ್ಕಾರದ ಬಿಗಿ ಕಟ್ಟುಪಾಡಿದ್ದ ಕಾಲ ಅದು. ಬಡ ಅಕ್ಕಸಾಲಿಯ ಕೈಗೆ ಹೊಸ ಚಿನ್ನ ಬರುವ ದಾರಿಯೇ ಇರಲಿಲ್ಲ. ಅವನಿಗಿದ್ದ ಒಂದೇ ಗಣಿ ಅವನ ಅಂಗಡಿಯ ಕಸ. ಅರದಿಂದ ಉಜ್ಜುವಾಗ ಉದುರುವ ಪುಡಿ, ಗಡ್ಡಕ್ಕೆ ಮೆತ್ತಿದ್ದು, ಚಾಪೆಯ ಎಳೆಗೆ ಸಿಕ್ಕಿದ್ದು. ಕಸ ಅಕ್ಕಸಾಲಿಗೇ ಸೇರತಕ್ಕದ್ದು ಎಂಬುದು ಕಸುಬಿನ ಕಟ್ಟಳೆ. ಅದಕ್ಕೇ ಆ ಮನೆಯಲ್ಲಿ ಜಗತ್ತಿನ ಪದ್ಧತಿ ತಿರುವುಮುರುವು. ಬೇರೆ ಮನೆಗಳಲ್ಲಿ ಕಾಲು ತೊಳೆದು ಒಳಗೆ ಬಂದರೆ, ಇಲ್ಲಿ ಕಾಲು ತೊಳೆದು ಹೊರಗೆ ಹೋಗಬೇಕು! ಹೊಸ್ತಿಲ ಬಳಿ ನೀರು ತುಂಬಿದ ಹಿತ್ತಾಳೆಯ ಪರಾತ. ಗಿರಾಕಿ ಅದರಲ್ಲಿ ಕಾಲದ್ದಿ ಎದ್ದರೆ ತಳದಲ್ಲಿ ನಿಂತ ಕೆಸರು ಮಡಕೆಗೆ. ಹರಿದ ಪಂಚೆ, ಹಳೆಯ ಚಾಪೆ ಸುಟ್ಟ ಬೂದಿಯೂ ಮಡಕೆಗೆ. ಆಚಾರಿ ಬೀದಿಯಲ್ಲಿ ಒಮ್ಮೆಯೂ ಮೈ ಕೊಡವಿದವನಲ್ಲ.

ಎಪ್ಪತ್ತೊಂಬತ್ತರ ಮಾಘದಲ್ಲಿ ಗಂಡಹೆಂಡತಿ ಬಾವಿಯ ಬಳಿ ಕೂತು ಆ ಏಳು ವರ್ಷದ ಕಸವನ್ನು ಮರದ ತಟ್ಟೆಯಲ್ಲಿ ಹದಿನೆಂಟು ದಿನ ತೊಳೆದರು. ಹಗುರ ಮಣ್ಣು ನೀರಿನ ಜೊತೆ ಹೋಯಿತು, ಭಾರದ್ದು ತಳದಲ್ಲಿ ನಿಂತಿತು. ಪಾದರಸ ಹಾಕಿದ್ದರೆ ಎರಡೇ ದಿನದ ಕೆಲಸ. ಆದರೆ ಪಾದರಸ ಬಾವಿಗಿಳಿಯುತ್ತದೆಂದು ಆಚಾರಿ ಅದನ್ನು ಮನೆಯೊಳಕ್ಕೇ ಬಿಟ್ಟುಕೊಂಡವನಲ್ಲ. ಹದಿನೆಂಟನೇ ದಿನ ಬಿಳಿಗಾರ ಹಾಕಿ ಕರಗಿಸಿದಾಗ ಮೂಸೆಯ ತಳದಲ್ಲಿ ಒಂದು ಹೊಳೆಯುವ ಗುಂಡು ಕಣ್ಣು ಬಿಟ್ಟಿತು. ಎರಡೆಳೆಗೆ ಸಾಲಲಿಲ್ಲ, ಒಂದೆಳೆ ಸರವಾಯಿತು, ಗೋಧಿ ಕಾಳಿನಂಥದೇ ಕೊಂಡಿ.

ಗೋವಿಂದಮ್ಮ ಅದನ್ನು ಹಾಕಿಕೊಂಡು ಮಾರನೆಯ ಬೆಳಿಗ್ಗೆ ರಂಗೋಲಿ ಇಡಲು ಹೊರಗೆ ಬಂದಳು. ಎದುರಿಗೆ ಜಲಜಮ್ಮ.

“ಏನ್ರೀ ಗೋವಿಂದಮ್ಮಾ… ಹೊಸದಾ?”

“ಇಲ್ಲ… ಹಳೇ ಚಿನ್ನಾನೇ.”

“ಯಾರ್ದು ಹಳೇದು?”

ಇಷ್ಟೇ ಕೇಳಿದ್ದು. ಊಟದ ಹೊತ್ತಿಗೆ ಇಬ್ಬರು ಗಿರಾಕಿಗಳು ಬಂದು, ತಾವು ಹೋದ ತಿಂಗಳು ಒಯ್ದ ಬಳೆಯನ್ನು “ಸುಮ್ನೆ ಒಂದ್ಸಲ ತೂಗಿ ಆಚಾರ್ರೇ” ಎಂದರು. ಮೂರನೆಯವರು ಮಾಡಲು ಕೊಟ್ಟಿದ್ದ ಚಿನ್ನವನ್ನು, ಮದುವೆ ಮುಂದಕ್ಕೆ ಹೋಯಿತೆಂದು ವಾಪಸು ಪಡೆದರು. ಆ ಮದುವೆ ಮುಂದಿನ ವಾರವೇ ಆಯಿತು. ವಾಲಗದ ಸದ್ದು ಇವರ ಮನೆಗೂ ಕೇಳಿಸಿತು.

“ಕಸ ನಮ್ದು ಅಂತ ನೀವೇ ಅಂದ್ರಲ್ಲ?” ಅಂದಳು ಗೋವಿಂದಮ್ಮ, ಸಂಜೆ.

“ನಮ್ದೇ ಕಣೆ. ಆದ್ರೆ ಜನಕ್ಕೆ ಕಸ ಕಾಣಾಕಿಲ್ಲ, ಸರ ಕಾಣ್ತದೆ.” ಆಚಾರಿ ತಲೆ ಎತ್ತಲಿಲ್ಲ. “ವಸಿ ದಿನ ತೆಗ್ದಿಡು.”

ಸರ ರಾಗಿ ಹಿಟ್ಟಿನ ಡಬ್ಬಿಗೆ ಇಳಿಯಿತು. ಕೊಂಬು ಮರಳಿ ಸಿಂಹಾಸನವೇರಿತು.

ಮುಂದಿನ ವರ್ಷಗಳಲ್ಲಿ ಗೋವಿಂದಮ್ಮ ಕಳ್ಳಿಯಾದಳು. ತನ್ನ ಸರವನ್ನೇ ತಾನು ಕದ್ದು ಹಾಕಿಕೊಳ್ಳುವ ಕಳ್ಳಿ. ಮಧ್ಯಾಹ್ನ ಅಗುಳಿ ಹಾಕಿ, ಕಿಟಕಿ ಮುಚ್ಚಿ, ಸರ ತೆಗೆದು ಹಿಟ್ಟು ಕೊಡವಿ ಹಾಕಿಕೊಂಡು, ಸೆಕೆಯಲ್ಲಿ ಬೆವರುತ್ತ ಕೂರುತ್ತಿದ್ದಳು. ನೋಡುವವರು ಯಾರು? ಒಲೆ. ಒರಳು. ಒಂದು ದಿನ ಜಲಜಮ್ಮ ಕದ ತಟ್ಟಿದಾಗ ಬಿಚ್ಚಲು ಹೊತ್ತಿಲ್ಲದೆ ಸರವನ್ನು ರವಿಕೆಯೊಳಗೆ ತಳ್ಳಿ ಬಾಗಿಲು ತೆಗೆದಳು. ಜಲಜಮ್ಮ ಒಂದು ಗಂಟೆ ತಳವೂರಿ ತನ್ನ ನಾದಿನಿಯ ಪುರಾಣ ಹೇಳಿದಳು. ರವಿಕೆಯೊಳಗೆ ಸರ ಜಾರಿ ಜಾರಿ ಹೊಟ್ಟೆಗಿಳಿಯುತ್ತಿತ್ತು. ಗೋವಿಂದಮ್ಮ ಉಸಿರು ಬಿಗಿಹಿಡಿದು ಹೂಂಗುಟ್ಟುತ್ತಿದ್ದಳು.

“ಯಾಕ್ರೀ ಹಂಗೆ ಕುಂತಿದ್ದೀರಿ? ಹೊಟ್ಟೆನೋವಾ?”

“ಹೂಂ, ವಸಿ.”

“ಓಮ ಜಗೀರಿ. ಅರಿಶಿನ ಹೆಂಗೂ ಕತ್ತಲ್ಲೇ ಐತೆ.”

ಊರಿನಲ್ಲಿ ಆಗದು, ಊರಾಚೆಯಾದರೂ ಆದೀತು ಎಂದು ಎಂಬತ್ತೊಂದರಲ್ಲಿ ಜವಳಗಿರಿಯ ತಂಗಿ ಸಾಕಮ್ಮನ ಮನೆಗೆ ಹೊರಟಳು. ಬಸ್ಸಿನಲ್ಲಿ ಹೊಸೂರಿನವರು ಯಾರೂ ಇಲ್ಲವೆಂದು ಮೂರು ಸಲ ತಲೆ ಎಣಿಸಿ, ತಳಿ ಎಂಬ ಊರು ದಾಟಿದ ಮೇಲೆ ಸೆರಗಿನ ಮರೆಯಲ್ಲಿ ಸರ ಹಾಕಿಕೊಂಡಳು. ಗಾಳಿ ಬೀಸಿತು. ಕೊರಳ ಮೇಲೆ ಚಿನ್ನ ತಣ್ಣಗಿತ್ತು. ಏಳೆಂಟು ಮೈಲಿಯ ಸುಖ ಅದು, ಅಷ್ಟೂ ಆಗಲಿಲ್ಲ. ಕಾಡಿನ ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು. ರಸ್ತೆಯ ನಟ್ಟನಡುವೆ ಆನೆ.

“ಯಾರುಂ ಎರಂಗಾದೀಂಗ! ಯಾರೂ ಇಳೀಬೇಡಿ!” ಕಂಡಕ್ಟರ್ ಎರಡು ಭಾಷೆಯಲ್ಲಿ ನಡುಗಿದ.

ಆಗ ಹಿಂದಿನ ಸೀಟಿನ ಹುರುಳಿ ಮೂಟೆಯ ಮರೆಯಿಂದ ಒಂದು ತಲೆ ಎದ್ದಿತು. ಹೊಸೂರು ಸಂತೆಯಲ್ಲಿ ಸೊಪ್ಪು ಮಾರುವ ಹನುಮಕ್ಕ! “ಅಯ್ಯೋ, ಆಚಾರ್ರ ಗೋವಿಂದಮ್ಮ ಇಲ್ಲೇ ಅವ್ರಲ್ಲ! ಮುಂದುಕ್ ಬನ್ನಿ ತಾಯಿ! ನಿಮ್ ಕೊಂಬು ತೋರ್ಸಿ ಅದುಕ್ಕೆ!”

ಇಪ್ಪತ್ತು ಕೈಗಳು ಅವಳನ್ನು ಮುಂದಿನ ಗಾಜಿನ ಬಳಿಗೆ ತಳ್ಳಿದವು. ಎದುರಿಗೆ ಆನೆ, ಹಿಂದೆ ಊರು. ಗೋವಿಂದಮ್ಮ ಒಂದು ಕೈಯಲ್ಲಿ ಸೆರಗನ್ನು ಗಂಟಲವರೆಗೆ ಬಿಗಿಹಿಡಿದು, ಇನ್ನೊಂದು ಕೈಯ ಎರಡು ಬೆರಳಿನಿಂದ ಕೊಂಬನ್ನು ಮಾತ್ರ ಎಳೆದು ಹೊರಗೆ ಹಿಡಿದಳು. ಅವಳು ಹೆದರಿದ್ದು ಆನೆಗಲ್ಲ. ಆನೆ ತುಳಿದರೆ ಒಬ್ಬಳು ಸಾಯುತ್ತಾಳೆ. ಸೆರಗು ಜಾರಿದರೆ ಅಂಗಡಿಯೇ ಸಾಯುತ್ತದೆ. ಆನೆ ಬಾಯಲ್ಲಿದ್ದ ಬಿದಿರನ್ನು ಅಗಿದು ಮುಗಿಸಿ, ಕಿವಿ ಬೀಸಿ, ಪೊದೆಗಿಳಿಯಿತು. ಬಸ್ಸಿನಲ್ಲಿ ಜಯಕಾರ! ಹನುಮಕ್ಕ ಕಾಲಿಗೇ ಬಿದ್ದಳು. ಅಷ್ಟೇ ಅಲ್ಲ, ಜವಳಗಿರಿಯಲ್ಲಿ ಸಾಕಮ್ಮನ ಪಕ್ಕದ ಮನೆಯೇ ಹನುಮಕ್ಕನ ತವರು. ಎರಡು ದಿನವೂ ಪಾದಸೇವೆಗೆ ಬಂದು ಕೂತಳು. ಸರ ಟ್ರಂಕಿನಿಂದ ಹೊರಗೆ ಬರಲಿಲ್ಲ.

ಎಂಬತ್ತಾರರಲ್ಲಿ ಬಂದರು ಜಾನಕಮ್ಮ ಟೀಚರು.

ಜಾನಕಮ್ಮ ಹೊಸೂರಿನ ಹಳೆಯ ಮನೆತನದವರು, ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದರು. ಊರ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಮಕ್ಕಳನ್ನು ಸೇರಿಸಿ ಒಂದು ಪರಿಸರ ಸಂಘ ಕಟ್ಟಿ, ಗಿಡ ನೆಡಿಸಿ, ನೆಟ್ಟ ಗಿಡ ಮೇಕೆ ತಿಂದರೆ ಮೇಕೆಯ ಯಜಮಾನರಿಗೆ ಭಾಷಣ ಮಾಡುತ್ತಿದ್ದರು. ಒಳ್ಳೆಯವರು, ಅದೇ ಅಪಾಯ. ಕಿವಿಯೋಲೆಯ ತಿರುಪು ರಿಪೇರಿಗೆಂದು ಬಂದವರು ಪರಾತದಲ್ಲಿ ಕಾಲದ್ದಿ ನಿಂತರು.

“ಇದು ಯಾಕೆ ಆಚಾರ್ರೇ?”

“ಕಾಲಿಗೆ ಪುಡಿ ಅಂಟ್ಕಂಡಿರ್ತದೆ ತಾಯಿ. ಬೀದಿಗೆ ಯಾಕ್ ಹೋಗ್ಬೇಕು?”

“ಮೆರುಗಿಗೆ ಆಸಿಡ್ ಹಾಕೋಲ್ವಾ?”

“ಅಂಟುವಾಳ, ಹುಣಸೆಹುಳಿ. ಆಸಿಡ್ ಚೆಲ್ಲೋದೆಲ್ಲಿ? ಎರಡು ಮಾರು ದೂರ್ದಾಗೆ ಬಾವಿ. ಆ ನೀರೇ ನಾವ್ ಕುಡ್ಯಾದು.”

“ಹೊಸ ಚಿನ್ನ?”

“ನಂಗ್ಯಾರ್ ಕೊಡ್ತಾರೆ? ಅಜ್ಜಿದು ಮುರ್ದು ಮೊಮ್ಮಗಳಿಗೆ ಮಾಡೋದು, ಅಷ್ಟೆ.”

ಜಾನಕಮ್ಮನ ಕಣ್ಣು ಅರಳುತ್ತ ಹೋಯಿತು. ಅವರು ಕೋಲಾರದ ಗಣಿಯ ಬಳಿ ಗುಡ್ಡಗುಡ್ಡವಾಗಿ ಬಿದ್ದಿರುವ ಅರೆದ ಮಣ್ಣನ್ನು ನೋಡಿಬಂದವರು, ಗಾಳಿಗೆದ್ದು ಮನೆಮನೆಗೆ ನುಗ್ಗುವ ಧೂಳನ್ನು ಕಣ್ಣಲ್ಲಿ ತುಂಬಿಕೊಂಡು ಬಂದವರು. ಒಂದು ಉಂಗುರಕ್ಕೆ ಎಷ್ಟು ಬಂಡಿ ಮಣ್ಣು ಮೇಲೆ ಬರಬೇಕು ಎಂದು ಮಕ್ಕಳಿಗೆ ಹೇಳಿ ಹೇಳಿ ಸೋತವರು. ಇಲ್ಲಿ ನೋಡಿದರೆ ಒಂದು ಹಿಡಿ ಮಣ್ಣು ಅಗೆಯದೆ ಒಡವೆ ಮಾಡುವ ಮನುಷ್ಯ!

ಆಗ ಆಚಾರಿ, ಅಭ್ಯಾಸಬಲದಿಂದ, ಕೂಗಿದ: “ಗೋವಿಂದೀ, ಟೀಚರಮ್ಮಂಗೆ ನೀರು!”

ಚೊಂಬು ಹಿಡಿದು ಹೊರಬಂದ ಗೋವಿಂದಮ್ಮನ ಕೊರಳು ನೋಡಿ ಜಾನಕಮ್ಮ ಎದ್ದೇ ನಿಂತರು. “ಅಕ್ಕಸಾಲಿಯ ಹೆಂಡತಿ… ಅರಿಶಿನ… ಹತ್ತಿ ನೂಲು…” ಎಂದು ತೊದಲಿದರು. ಹಳೆಯ ಬೀಗವೇ ತೆಗೆಯಲು ಬರುತ್ತಿಲ್ಲ, ಈಕೆ ಹೊಸ ಬೀಗ ತಂದಿದ್ದಾಳೆ ಎಂದು ಗೋವಿಂದಮ್ಮನಿಗೆ ಅನಿಸಿತು.

ಹದಿನೈದು ದಿನಕ್ಕೆ ಶಾಲೆಯಲ್ಲಿ ಸಭೆ. ‘ಮಣ್ಣಿಗೆ ನೋವಾಗದ ಒಡವೆ’ ಎಂದು ಬರೆದ ಬಟ್ಟೆಯನ್ನು ಬಾಗಿಲಿಗೆ ಕಟ್ಟಿದ್ದರು. ಗೋಡೆಯಲ್ಲಿ ಮಕ್ಕಳು ಬರೆದ ಗೋವಿಂದಮ್ಮನ ಚಿತ್ರ; ಒಂದರಲ್ಲಿ ಆನೆಯೇ ಅವಳಿಗಿಂತ ಸುಂದರವಾಗಿತ್ತು. ವೇದಿಕೆಯ ಮೇಲೆ ಮೂರು ಕುರ್ಚಿ, ನಡುವಿನದರಲ್ಲಿ ಗೋವಿಂದಮ್ಮ. ಮುಂದಿನ ಸಾಲಿನಲ್ಲಿ ಜಲಜಮ್ಮ, ಹನುಮಕ್ಕ, ಅಂಗಡಿಯ ಗಿರಾಕಿಗಳು, ಆ ಸಾಲಿನ ಕೊನೆಗೆ ಸುಬ್ಬರಾಮಾಚಾರಿ. ಹೊರಡುವ ಮುಂಚೆ ಅವನು ಹೇಳಿದ್ದ: “ಏನ್ ಕೇಳುದ್ರೂ ಕೈಮುಗ್ದು ಕುಂತ್ಕೊ. ನಮ್ ಅನ್ನದ ಪ್ರಶ್ನೆ.”

“ಹದಿನಾಕು ವರ್ಷದಿಂದ ಅದೇ ತಾನೇ ಮಾಡ್ತಿರೋದು,” ಅಂದಿದ್ದಳು ಅವಳು.

ಜಾನಕಮ್ಮ ಮಾತಾಡಿದರು. ಎಂಥ ಒಡವೆ ನೆಲಕ್ಕೆ ಹಗುರ ಎಂದು ಮಕ್ಕಳಿಗೆ ಬಿಡಿಸಿ ಹೇಳಿದರು. ಹಳೆಯದನ್ನು ಕರಗಿಸಿ ಮಾಡಿದ್ದಾದರೆ ಹೊಸ ಗುಂಡಿ ತೋಡುವ ಕೆಲಸವಿಲ್ಲ. ಆಸಿಡ್, ಪಾದರಸ ಮುಟ್ಟದಿದ್ದರೆ ಬಾವಿ ಬದುಕುತ್ತದೆ. ಉದುರಿದ ಪುಡಿಯನ್ನೂ ಬಿಡದೆ ಹೆಕ್ಕಿದರೆ ಅಷ್ಟು ಮಣ್ಣು ಭೂಮಿಯಲ್ಲೇ ಉಳಿಯಿತು. ಮುರಿದರೆ ಎಸೆಯದೆ ಬೆಸುಗೆ ಹಾಕಿಸಿ ಮೊಮ್ಮಗಳಿಗೂ ಬರುವಂತಿರಬೇಕು.

ಗೋವಿಂದಮ್ಮ ಇದುವರೆಗೆ ಯಾವ ಭಾಷಣವನ್ನೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಒಂದೊಂದು ಮಾತಿಗೂ ಅವಳ ಮನಸ್ಸು ಮನೆಗೆ ಓಡಿ ರಾಗಿ ಡಬ್ಬಿಗೆ ಕೈಹಾಕುತ್ತಿತ್ತು. ಹೊಸ ಗುಂಡಿ? ತೋಡಿಲ್ಲ, ಗುಡಿಸಿದ್ದು. ಪಾದರಸ? ಇಲ್ಲ, ಹದಿನೆಂಟು ದಿನ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗಿದೆ. ಉದುರಿದ ಪುಡಿ? ಬರೀ ಅದೇ! ಟೀಚರಮ್ಮನ ಪರೀಕ್ಷೆಯಲ್ಲಿ ಅವಳ ಸರ ನೂರಕ್ಕೆ ನೂರು ಪಡೆದಿತ್ತು. ಇಡೀ ಹೊಸೂರಿನಲ್ಲಿ ಅದರಷ್ಟು ಪಾಪವಿಲ್ಲದ ಚಿನ್ನ ಇನ್ನೊಂದಿರಲಾರದು. ಎದೆಯೊಳಗೆ ಏನೋ ಸಡಿಲವಾಯಿತು. ಈಕೆ ಇನ್ನೊಂದೇ ಒಂದು ಮಾತು ಹೇಳಿಬಿಟ್ಟರೆ…

“ಆದರೆ,” ಅಂದರು ಜಾನಕಮ್ಮ, “ಇವೆಲ್ಲಕ್ಕಿಂತ ದೊಡ್ಡದು ಆಸೆಯನ್ನೇ ಬಿಟ್ಟ ಕೊರಳು!”

ಚಪ್ಪಾಳೆ. ಸಡಿಲವಾದದ್ದು ಮತ್ತೆ ಬಿಗಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಹೆಡ್‌ಮಾಸ್ಟರ್ ವೆಂಕಟರಮಣಪ್ಪನವರು ಎದ್ದು, ಕನ್ನಡಕ ಏರಿಸಿ ಘೋಷಿಸಿದರು: “ಇನ್ನು ಮುಂದೆ ಪ್ರತಿ ವರ್ಷ ಇದೇ ದಿನ, ಇದೇ ವೇದಿಕೆಯಲ್ಲಿ, ಗೋವಿಂದಮ್ಮನವರು ಎಲ್ಲರ ಸಮಕ್ಷಮ ಹೊಸ ಕೊಂಬು ಕಟ್ಟಿಕೊಳ್ಳತಕ್ಕದ್ದು. ಅವರ ಜೀವ ಇರೋವರೆಗೂ!”

ಜೀವಾವಧಿ. ಜಲಜಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಗೋವಿಂದಮ್ಮ ಹಿಂದೆ ನೋಡಿದರೆ ಗೋಡೆ, ಮುಂದೆ ನೋಡಿದರೆ ಮುನ್ನೂರು ಕಣ್ಣು, ಎಲ್ಲವೂ ಅವಳ ಕೊರಳಿನ ಮೇಲೆ. ತಾನು ಸತ್ತ ಮೇಲೂ ಇವರು ಕೊಂಬಿಗೇ ಹಾರ ಹಾಕುತ್ತಾರೆ, ತನಗಲ್ಲ ಎಂದು ಹೊಳೆಯಿತು. ಆಚಾರಿ ಕೂತಲ್ಲೇ ಎರಡೂ ಕೈ ಜೋಡಿಸಿ, ಹೀಗೆ ಕೈಮುಗಿ, ಹೀಗೆ, ಎಂದು ತೋರಿಸಿಕೊಡುತ್ತಿದ್ದ.

ಜಾನಕಮ್ಮ ಮೈಕನ್ನು ಎತ್ತಿ ತಂದು ಅವಳ ಬಾಯಿಯ ಬಳಿ ಹಿಡಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ಅಮ್ಮಾ, ಮಕ್ಕಳು ನಿಮ್ಮ ಬಾಯಿಂದಲೇ ಕೇಳ್ಬೇಕು. ಈಗ, ಈ ಕ್ಷಣ, ಯಾರಾದ್ರೂ ಒಂದು ಚಿನ್ನದ ಸರ ತಂದು ನಿಮ್ಮ ಮುಂದೆ ಹಿಡಿದ್ರೆ ಏನು ಮಾಡ್ತೀರಿ?”

ಗೋವಿಂದಮ್ಮ ಮೈಕನ್ನು ನೋಡಿದಳು, ಗಂಡನನ್ನು ನೋಡಿದಳು. ಜೋಡಿಸಲೆಂದು ಎತ್ತಿದ್ದ ಕೈಗಳನ್ನು ಮತ್ತೆ ಮಡಿಲಿಗೆ ಇಳಿಸಿಕೊಂಡಳು.

“ಹಾಕ್ಕಂತೀನಿ,” ಅಂದಳು.